ಪಾಪ್‌ಕಾರ್ನ್ ಕಾಳು: ತೂಕಕ್ಕೆ ಕೊಂಡು ಗಾತ್ರಕ್ಕೆ ಮಾರುವ ಸರಕು

ಮೆಕ್ಕೆಜೋಳದ ವಹಿವಾಟಿನಲ್ಲಿ ದಾವಣಗೆರೆ, ಹಾವೇರಿ ಮಾರುಕಟ್ಟೆಗಳ ಸ್ಥಾನವೇನೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಆದರೆ ಅದೇ ಊರುಗಳ ಜಾತ್ರೆಗಳಲ್ಲಿ ಪಾಪ್‌ಕಾರ್ನ್ ಹುರಿದು ಮಾರುವವನಿಗೆ ಆ ಮಾರುಕಟ್ಟೆಗೆ ಬರುವ ಸಾಮಾನ್ಯ ಜೋಳದಿಂದ ಪ್ರಯೋಜನವಿಲ್ಲ. ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುವ ಆ ಕಾಳು ಬಾಣಲೆಯಲ್ಲಿ ಕರಕಲಾಗುತ್ತದೆಯೇ ಹೊರತು ಹೂವಿನಂತೆ ಅರಳುವುದಿಲ್ಲ. ಪಾಪ್‌ಕಾರ್ನ್ ಕಾಳು ಮೆಕ್ಕೆಜೋಳದ ಕುಲದಲ್ಲಿಯೇ ಪ್ರತ್ಯೇಕವಾದ ಪ್ರಭೇದ; ವ್ಯಾಪಾರದಲ್ಲಿಯೂ ಅದನ್ನು ಪ್ರತ್ಯೇಕ ಸರಕೆಂದೇ ಪರಿಗಣಿಸತಕ್ಕದ್ದು ಎಂಬುದು ನನ್ನ ಅಭಿಪ್ರಾಯ.

ಈ ಪ್ರಭೇದ ಇಂದು ನಿನ್ನೆಯದಲ್ಲ. ನೈಋತ್ಯ ಮೆಕ್ಸಿಕೋದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಸುಮಾರು 9000 ವರ್ಷಗಳ ಹಿಂದೆ ತಿಯೊಸಿಂಟೆ ಎಂಬ ಹುಲ್ಲಿನಿಂದ ಮೆಕ್ಕೆಜೋಳವನ್ನು ಪಳಗಿಸಿದರೆಂಬುದು ವಿಜ್ಞಾನಿಗಳ ನಿರ್ಣಯ. ಪೆರು ದೇಶದ ಉತ್ತರ ಕರಾವಳಿಯ ಪಾರೆಡೋನೆಸ್ ಮತ್ತು ಹುವಾಕಾ ಪ್ರಿಯೆಟಾ ಎಂಬೆಡೆಗಳಲ್ಲಿ ದೊರೆತ ದಿಂಡುಗಳ ವಿವರ 2012ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಹಳೆಯವು ಸುಮಾರು 6700 ವರ್ಷದವು. ಅಲ್ಲಿನ ಜನರು ಮಣ್ಣಿನ ಮಡಕೆ ಮಾಡುವುದನ್ನು ಕಲಿಯುವ ಮೊದಲೇ ಜೋಳವನ್ನು ಅರಳಿಸಿ ತಿನ್ನುತ್ತಿದ್ದರಂತೆ. ನಮ್ಮ ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಹುರಿಯುವ ಬಿಳಿಜೋಳದ ಅರಳು ಬೇರೊಂದು ಸಸ್ಯದ್ದಾದರೂ ಉಪಾಯವೊಂದೇ.

ಇದನ್ನು ಉದ್ದಿಮೆಯನ್ನಾಗಿ ಬೆಳೆಸಿದ್ದು ಅಮೆರಿಕ. ಶಿಕಾಗೋದ ಚಾರ್ಲ್ಸ್ ಕ್ರೆಟರ್ಸ್ 1885ರಲ್ಲಿ ಆರಂಭಿಸಿದ ಯಂತ್ರೋದ್ಯಮದಿಂದ ಬಂದ ಉಗಿ ಚಾಲಿತ ಗಾಡಿ, 1893ರ ವಿಶ್ವ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿತ್ತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಐದು ಹತ್ತು ಸೆಂಟಿಗೆ ಸಿಗುತ್ತಿದ್ದ ಈ ತಿನಿಸು, ಮೊದಲು ಅದನ್ನು ಒಳಗೆ ಬಿಡಲೊಪ್ಪದಿದ್ದ ಚಿತ್ರಮಂದಿರಗಳನ್ನೇ ಕಾಪಾಡಿತು. ಎರಡನೆಯ ಮಹಾಯುದ್ಧದಲ್ಲಿ ಸಕ್ಕರೆಗೆ ಪಡಿತರ ಬಂದಾಗ ಮಿಠಾಯಿಯ ಜಾಗವನ್ನೂ ಇದೇ ತುಂಬಿತು. ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕೆ!

ಕಾಳು ಅರಳುವ ಗುಟ್ಟು ಅದರ ಸಿಪ್ಪೆಯಲ್ಲಿದೆ. ಸುಮಾರು 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಳಗಿನ ನೀರು ಆವಿಯಾಗಿ, ವಾತಾವರಣದ ಒತ್ತಡದ ಒಂಬತ್ತು ಪಟ್ಟಿನವರೆಗೆ ಒತ್ತುತ್ತದೆ. ಅಷ್ಟನ್ನು ತಡೆದು ಒಮ್ಮೆಲೇ ಒಡೆಯುವ ಗಟ್ಟಿ ಸಿಪ್ಪೆ ಬೇರೆ ಜೋಳಗಳಿಗಿಲ್ಲ. ಒಳಗಿನ ನೀರಿನ ಅಂಶ ಶೇ. 13.5ರಿಂದ 14ರಷ್ಟಿರಬೇಕು. ಇಲ್ಲಿಯೇ ನಮ್ಮವರು ನಷ್ಟ ಅನುಭವಿಸುವುದು. ಬೇಸಿಗೆಯಲ್ಲಿ ತಗಡಿನ ಗೋದಾಮಿನೊಳಗೆ ಗೋಣಿಚೀಲದಲ್ಲಿ ಉಳಿದ ಕಾಳು ಒಣಗುತ್ತಲೇ ಹೋಗುತ್ತದೆ. ಶೇ. 14ರ ತೇವದ ಒಂದು ಟನ್ ಸರಕು ಶೇ. 11ಕ್ಕೆ ಇಳಿದರೆ ತೂಕದಲ್ಲಿ ಸುಮಾರು 34 ಕಿಲೋ ಹೋಯಿತು. ಅದು ಸಣ್ಣ ನಷ್ಟ. ಅರಳದೆ ತಳದಲ್ಲಿ ಉಳಿಯುವ ಕಾಳಿನದು ದೊಡ್ಡ ನಷ್ಟ, ಮತ್ತು ಅದರ ಹೊಣೆಯನ್ನು ಹುರಿಯುವವನು ಯಂತ್ರದ ಮೇಲೋ ಎಣ್ಣೆಯ ಮೇಲೋ ಹೊರಿಸುತ್ತಾನೆ. ಒಣಗಿದ ಕಾಳಿಗೆ ಮುಚ್ಚಿದ ಡಬ್ಬಿಯಲ್ಲಿ ಸ್ವಲ್ಪ ನೀರು ಚಿಮುಕಿಸಿ ಕೆಲವು ದಿನ ಬಿಟ್ಟರೆ ಗುಣ ಮರಳಬಹುದು. ಒಕ್ಕಣೆಯಲ್ಲಿ ಸಿಪ್ಪೆ ಬಿರಿದ ಕಾಳಿಗೆ ಯಾವ ಚಿಕಿತ್ಸೆಯೂ ಇಲ್ಲ. ಸಾಮಾನ್ಯ ಜೋಳಕ್ಕೆ ಹೊಂದಿಸಿದ ತೇವಮಾಪಕ ಈ ಕಾಳಿಗೆ ಸರಿಯಾದ ಅಂಕಿಯನ್ನು ಕೊಡದೆಂಬುದೂ ನೆನಪಿರಲಿ.

ಇನ್ನು ಬಗೆಗಳ ವಿಚಾರ. ಕಾಳಿನ ಆಕಾರದಿಂದ ಚೂಪು ತುದಿಯ ಅಕ್ಕಿ ಬಗೆ, ಗುಂಡನೆಯ ಮುತ್ತಿನ ಬಗೆ ಎಂದು ಎರಡು. ಹಳದಿ, ಬಿಳಿ, ಕೆಂಪು, ನೀಲಿ ಎಂದು ಬಣ್ಣಗಳು ಹಲವು. ಬಣ್ಣ ಸಿಪ್ಪೆಯದಾದರೆ ಅರಳಿದ ಮೇಲೆ ಅದು ಕಾಣುವುದು ಅಲ್ಪವೇ. ವರ್ತಕನಿಗೆ ಮುಖ್ಯವಾದದ್ದು ಅರಳಿದ ರೂಪ. ರೆಕ್ಕೆ ಬಿಚ್ಚಿದಂತೆ ಅರಳುವ ಚಿಟ್ಟೆ ಬಗೆ ಮೃದು, ಗಾತ್ರವೂ ಹೆಚ್ಚು. ಚಿತ್ರಮಂದಿರಗಳಿಗೆ ಇದೇ ಸರಿ. ಅಣಬೆಯಂತೆ ದುಂಡಗೆ ಅರಳುವುದು ಗಟ್ಟಿ. ಸಕ್ಕರೆ ಪಾಕ ಹಚ್ಚಿ ತಿರುವಿದರೂ ಮುರಿಯದು. ಕ್ಯಾರಮೆಲ್ ಪೊಟ್ಟಣ ಮಾಡುವವರು ಅಗ್ಗವೆಂದು ಚಿಟ್ಟೆ ಬಗೆಯನ್ನು ಕೊಂಡರೆ ತಳದಲ್ಲಿ ಪುಡಿಯೇ ಕೈಗೆ ಬರುತ್ತದೆ. ಸಿಪ್ಪೆಯೇ ಇಲ್ಲವೆಂದು ಮಾರುವ ಕಾಳಿಗೂ ಸಿಪ್ಪೆ ಇದ್ದೇ ಇರುತ್ತದೆ, ಚೂರಾಗುವುದು ಹೆಚ್ಚು, ಅಷ್ಟೆ.

ಗುಣದ ಅಳತೆಗೋಲು ಹಿಗ್ಗುವ ಪ್ರಮಾಣ, ಅಂದರೆ ಒಂದು ಗ್ರಾಂ ಕಾಳು ಅರಳಿ ಎಷ್ಟು ಘನ ಸೆಂಟಿಮೀಟರ್ ಆಗುತ್ತದೆ ಎಂಬುದು. 40 ಬರುವ ಕಾಳಿನ ಒಂದು ಕಿಲೋದಿಂದ 40 ಲೀಟರ್, ಎರಡು ಲೀಟರಿನ 20 ಡಬ್ಬಿ. 30 ಬರುವುದಾದರೆ 15 ಡಬ್ಬಿ ಮಾತ್ರ. ಕಿಲೋಗೆ ಎರಡು ಮೂರು ರೂಪಾಯಿ ಚೌಕಾಸಿ ಮಾಡುವವರು ಐದು ಡಬ್ಬಿಯ ಲೆಕ್ಕ ಕೇಳದಿರುವುದು ವಿಚಿತ್ರ.

ತೆರಿಗೆಯವರಾದರೂ ತಯಾರಾದ ಮಾಲಿನಲ್ಲಿ ಭೇದ ಎಣಿಸಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಉಪ್ಪು ಮಸಾಲೆಯ ಸಡಿಲ ಪಾಪ್‌ಕಾರ್ನ್‌ಗೆ ಶೇ. 5, ಲೇಬಲ್ ಹಚ್ಚಿದ ಪೊಟ್ಟಣಕ್ಕೆ ಶೇ. 12, ಸಕ್ಕರೆ ಪಾಕದ್ದಕ್ಕೆ ಶೇ. 18 ಎಂದು ಸ್ಪಷ್ಟಪಡಿಸಿದಾಗ ದೇಶವೇ ನಕ್ಕಿತು. 2025ರ ಸೆಪ್ಟೆಂಬರ್ 22ರಿಂದ ಖಾರದ ಬಗೆಯಲ್ಲಿ ಸಡಿಲ, ಪೊಟ್ಟಣ ಎಂಬ ಭೇದ ಹೋಗಿ ಎರಡಕ್ಕೂ ಶೇ. 5 ಆಯಿತು. ಕಚ್ಚಾ ಕಾಳಿನ ಗುಣಭೇದದ ಚರ್ಚೆ ಮಾತ್ರ ಎಲ್ಲಿಯೂ ಕೇಳಿಬರಲಿಲ್ಲ.

ಅಂಬರ್ ಪಾಪ್‌ಕಾರ್ನ್, ಪರ್ಲ್ ಪಾಪ್‌ಕಾರ್ನ್, ಅಲ್ಮೋರಾದ ವಿ.ಎಲ್. ಅಂಬರ್ ಪಾಪ್‌ಕಾರ್ನ್ ಮುಂತಾದ ತಳಿಗಳು ನಮ್ಮ ದೇಶದಲ್ಲಿಯೇ ಬಿಡುಗಡೆಯಾಗಿವೆ. ಆದರೆ ಎಕರೆ ಇಳುವರಿಯಲ್ಲಿ ಇವು ಕೋಳಿ ಆಹಾರದ ಸಂಕರಣ ಜೋಳಕ್ಕಿಂತ ಹಿಂದೆ. ಆದುದರಿಂದ ಖರೀದಿಯ ಲಿಖಿತ ಕರಾರಿಲ್ಲದೆ ರೈತರಿಗೆ ಇದನ್ನು ಬೆಳೆಯಿರೆಂದು ಉಪದೇಶಿಸುವುದು ನ್ಯಾಯವಲ್ಲ. ಕರಾರಿನಲ್ಲಿ ದರದೊಡನೆ ತೇವಾಂಶ, ಹಿಗ್ಗುವ ಪ್ರಮಾಣ, ಸಿಪ್ಪೆ ಒಡೆದ ಕಾಳಿನ ಮಿತಿ ಮೂರನ್ನೂ ಬರೆಯಬೇಕು. ಸಗಟು ವರ್ತಕರು ಇದೇ ಮೂರು ಅಂಕಿಗಳನ್ನು ಚೀಲದ ಮೇಲೆ ಮುದ್ರಿಸಿ, ಬಗೆ ಚಿಟ್ಟೆಯೋ ಅಣಬೆಯೋ ಎಂಬುದನ್ನೂ ಸೇರಿಸಲಿ. ಅದುವರೆಗೆ ಕೊಳ್ಳುವವರು ಪ್ರತಿ ಚೀಲದಿಂದ ನೂರು ಗ್ರಾಂ ತೆಗೆದು, ಎದುರಿನಲ್ಲಿಯೇ ಹುರಿಸಿ, ಲೀಟರಿನ ಪಾತ್ರೆಯಲ್ಲಿ ಅಳೆದ ಬಳಿಕವೇ ಹಣ ಪಾವತಿ ಮಾಡುವುದು ಲೇಸು.