ಪ್ರಯೋಗಶಾಲೆಯ ಕಿಟಕಿಯಿಂದ: ಹಗುರ ಕೋವಿಯ ಭಾರ

ಹೋದ ಸಂಚಿಕೆಯಲ್ಲಿ ಎತ್ತರದ ಊರುಗಳಲ್ಲಿ ಬೇಳೆ ಏಕೆ ಬೇಯುವುದಿಲ್ಲ, ಪ್ರೆಷರ್ ಕುಕ್ಕರ್ ಅಲ್ಲಿ ಏಕೆ ಅನಿವಾರ್ಯ ಎಂದು ಬರೆದಿದ್ದೆ. ಅದನ್ನೋದಿ ಕೊಲೊರಾಡೊದ ಸದಸ್ಯ ದಂಪತಿಗಳು ಒಂದು ಪತ್ರ ಕಳಿಸಿದ್ದಾರೆ. ಯಜಮಾನರು ಕೊಡಗಿನವರು. ಬರುವ ಅಕ್ಟೋಬರಿನಲ್ಲಿ ಆಫೀಸಿನ ಗೆಳೆಯರ ಜೊತೆ ಮೂರು ಸಾವಿರ ಮೀಟರ್ ಎತ್ತರದ ಕಾಡಿನಲ್ಲಿ ಎಲ್ಕ್ ಬೇಟೆಗೆ ಹೋಗಬೇಕೆಂದಿದ್ದಾರೆ. ಬೋಲ್ಟ್ ರೈಫಲ್‌ಗಳಲ್ಲಿ ಅತ್ಯಂತ ಹಗುರವಾದದ್ದು ಯಾವುದು, ಯಾವುದನ್ನು ಕೊಳ್ಳಲಿ ಎಂಬುದು ಅವರ ಪ್ರಶ್ನೆ. ಅದರ ಕೆಳಗೆ ಬೇರೆ ಕೈಬರಹದಲ್ಲಿ ಶ್ರೀಮತಿಯವರ ಮೂರು ಸಾಲು: "ಅಣ್ಣಾ, ಇವರು ತೂಕದ ಲೆಕ್ಕ ಮಾತ್ರ ಹಾಕುತ್ತಿದ್ದಾರೆ. ಮನೆಯಲ್ಲಿ ಒಂಬತ್ತು ವರ್ಷದ ಮಗ, ಆರು ವರ್ಷದ ಮಗಳು ಇದ್ದಾರೆ. ಕೊಳ್ಳುವುದೇ ಸರಿಯೇ, ಅದನ್ನೂ ಬರೆಯಿರಿ."

ಎರಡಕ್ಕೂ ಉತ್ತರ ಬರೆಯುತ್ತೇನೆ. ನಾನು ಸಸ್ಯಾಹಾರಿ, ಬೇಟೆಯಾಡುವವನಲ್ಲ. ಆದರೆ ಕಾಗದದ ಗುರಿಗೆ ಗುಂಡು ಹೊಡೆಯುವ ಹವ್ಯಾಸ ಕೆಲವು ವರ್ಷಗಳಿಂದ ಇದೆ. ಇನ್ನು ಲೋಹ, ಅಂಟು, ಮದ್ದು ಇವೆಲ್ಲ ನನ್ನ ಕಸುಬಿಗೆ ಹತ್ತಿರದ ವಸ್ತುಗಳೇ.

ಮೊದಲು ಒತ್ತಡದ ಮಾತು. ನಿಮ್ಮ ಕುಕ್ಕರಿನ ವೆಯ್ಟ್ ಎದ್ದು ಸೀಟಿ ಹೊಡೆಯುವುದು ಹೊರಗಿನ ಗಾಳಿಗಿಂತ ಸುಮಾರು 15 ಪೌಂಡು ಹೆಚ್ಚಿನ ಒತ್ತಡದಲ್ಲಿ. 308 ವಿಂಚೆಸ್ಟರ್ ಎಂಬ ಸಾಮಾನ್ಯ ತೋಟಾ ಸಿಡಿದಾಗ ನಳಿಗೆಯ ಬುಡದಲ್ಲಿ ಒತ್ತಡ 62,000 ಪೌಂಡಿನವರೆಗೂ ಏರಬಹುದು, ಅಂದರೆ ಕುಕ್ಕರಿನ ನಾಲ್ಕು ಸಾವಿರ ಪಟ್ಟು. ಕುಕ್ಕರಿನ ಮುಚ್ಚಳಕ್ಕೆ ಕಿವಿಗಳಿರುವಂತೆ ಬೋಲ್ಟಿನ ತುದಿಯಲ್ಲೂ ಗಟ್ಟಿ ಕಿವಿಗಳಿರುತ್ತವೆ. ಹಿಡಿಯನ್ನು ಕೆಳಕ್ಕೆ ತಿರುಗಿಸಿದಾಗ ಅವು ಉಕ್ಕಿನ ಗಾಡಿಯಲ್ಲಿ ಸಿಕ್ಕಿಕೊಂಡು ಅಷ್ಟೂ ಒತ್ತಡವನ್ನು ತಡೆಯುತ್ತವೆ. ಜರ್ಮನಿಯ ಮೌಸರ್ 1898ರಲ್ಲಿ ಪಕ್ವಗೊಳಿಸಿದ ಈ ಏರ್ಪಾಟೇ ಇಂದಿನ ಹೆಚ್ಚಿನ ಬೋಲ್ಟ್ ರೈಫಲ್‌ಗಳ ಮೂಲ. ತೇಜಸ್ವಿಯವರ ಅನುವಾದಗಳಿಂದ ನಮಗೆ ಪರಿಚಿತರಾದ ಬೆಂಗಳೂರಿನ ಕೆನೆತ್ ಆಂಡರ್ಸನ್ನರ ಪ್ರಸಿದ್ಧ 405 ವಿಂಚೆಸ್ಟರ್ ಈ ಜಾತಿಯದಲ್ಲ. ಅದು ಕೆಳಗಿನ ಸನ್ನೆ ಎಳೆದು ತೋಟಾ ತುಂಬುವ ಕೋವಿ.

ಒತ್ತಡವನ್ನು ತಡೆಯುವ ಭಾಗ ಸಾಮಾನ್ಯವಾಗಿ ಉಕ್ಕಿನದೇ ಆಗಿರುತ್ತದೆ. ಹಾಗಾದರೆ ತೂಕ ಇಳಿಸುವುದು ಎಲ್ಲಿ? ಮೂರು ಕಡೆ: ಹಿಂಬದಿಯ ಕಟ್ಟು, ನಳಿಗೆಯ ದಪ್ಪ, ನಳಿಗೆಯ ಉದ್ದ.

ಕಟ್ಟಿನ ಕಥೆಯಲ್ಲಿ ನಮ್ಮ ರಸಾಯನಶಾಸ್ತ್ರಕ್ಕೆ ಪಾಲಿದೆ. ಆಕ್ರೋಟಿನ ಮರ ನೋಡಲು ಚೆಂದ, ಆದರೆ ಮಳೆಯಲ್ಲಿ ಉಬ್ಬಿ ಬಿಸಿಲಲ್ಲಿ ಕುಗ್ಗುತ್ತದೆ. ಉಬ್ಬಿದ ಮರ ನಳಿಗೆಯನ್ನು ಒತ್ತಿದರೆ ಗುಂಡು ಬೀಳುವ ಜಾಗ ಸರಿಯುತ್ತದೆ. 1965ರಲ್ಲಿ ಡ್ಯೂಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದ ದ್ರಾವಣದಿಂದ ಕೆವ್ಲಾರ್ ನಾರು ಬಂತು. ಆ ನಾರನ್ನೂ ಕಾರ್ಬನ್ ನಾರನ್ನೂ ಎಪಾಕ್ಸಿ ಅಂಟಿನಲ್ಲಿ ಹಾಸಿ ಎರಕ ಹೊಯ್ದರೆ ಸುಮಾರು ಅರ್ಧ ಕಿಲೊ ತೂಕದ ಕಟ್ಟು ಸಿದ್ಧವಾಗುತ್ತದೆ, ನೀರಿಗೆ ಜಗ್ಗುವುದಿಲ್ಲ. ಈ ಡ್ಯೂಪಾಂಟ್ 1933ರಿಂದ 1993ರವರೆಗೆ ರೆಮಿಂಗ್ಟನ್ ಕೋವಿ ಕಂಪನಿಯ ಒಡೆತನ ಹೊಂದಿತ್ತು. ಅಲ್ಲಿಂದ 1959ರಲ್ಲೇ ನೈಲಾನ್ ಕಟ್ಟಿನ ಸಣ್ಣ ರೈಫಲ್ ಹೊರಬಂದಿತ್ತು.

ನಳಿಗೆಯನ್ನು ತೆಳುವು ಮಾಡಿದರೆ ಅದಕ್ಕೂ ಬೆಲೆ ಇದೆ. 308ರ ಒಂದು ತೋಟಾದಲ್ಲಿ ಸುಮಾರು 3 ಗ್ರಾಂ ಮದ್ದು ಉರಿದು 11 ಸಾವಿರ ಜೂಲ್‌ಗಳಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಗುಂಡಿಗೆ ದಕ್ಕುವುದು ಅದರಲ್ಲಿ ಮೂರನೆಯ ಒಂದು ಪಾಲು. ಉಳಿದದ್ದು ಬಿಸಿ ಅನಿಲವಾಗಿ ಹೊರಗೆ ಹೋಗುತ್ತದೆ ಅಥವಾ ನಳಿಗೆಯನ್ನು ಕಾಯಿಸುತ್ತದೆ. ತೆಳು ದೋಸೆ ಕಾವಲಿ ಬೇಗ ಕಾಯುವಂತೆ ತೆಳು ನಳಿಗೆಯೂ ಮೂರು ನಾಲ್ಕು ಈಡಿಗೇ ಕಾದು, ಗುಂಡುಗಳು ಚದುರತೊಡಗಬಹುದು. ಬೇಟೆಗಾರನಿಗೆ ಇದು ದೊಡ್ಡ ದೋಷವಲ್ಲ. ಅವನಿಗೆ ಮುಖ್ಯವಾದದ್ದು ತಣ್ಣಗಿನ ನಳಿಗೆಯ ಮೊದಲ ಈಡು. ನಳಿಗೆಯ ಉದ್ದ ಕಡಿಮೆ ಮಾಡಿದರೆ ಪ್ರತಿ ಅಂಗುಲಕ್ಕೆ ಸೆಕೆಂಡಿಗೆ 25 ಅಡಿಯಷ್ಟು ವೇಗ ಕಳೆದು, ಸದ್ದು ಜೋರಾಗುತ್ತದೆ. 22 ಅಂಗುಲ ಒಳ್ಳೆಯ ಮಧ್ಯಮ ಮಾರ್ಗ.

ಈಗ ಅಸಲು ಲೆಕ್ಕ. ನ್ಯೂಟನ್ನರ ಮೂರನೆಯ ನಿಯಮದಂತೆ ಗುಂಡು ಮುಂದಕ್ಕೆ ಹೋದಷ್ಟೇ ತಳ್ಳುವಿಕೆ ಹೆಗಲಿಗೂ ಬರುತ್ತದೆ. ತಳ್ಳುವಿಕೆ ಒಂದೇ ಆದಾಗ, ಕೋವಿಯ ತೂಕ ಅರ್ಧವಾದರೆ ಒದೆತದ ಶಕ್ತಿ ಇಮ್ಮಡಿ. ದುರ್ಬೀನು, ಪಟ್ಟಿ ಎಲ್ಲ ಸೇರಿ ಅರ್ಧ ಕಿಲೊ ಎಂದು ಹಿಡಿದು 308ಕ್ಕೆ ಲೆಕ್ಕ ಹಾಕಿದ್ದೇನೆ. ಕಿಂಬರ್ ಮೊಂಟಾನಾ ಬರಿಯ ಕೋವಿ ಸುಮಾರು 2.3 ಕಿಲೊ, ಸಜ್ಜಾದಾಗ 2.8, ಒದೆತ 29 ಜೂಲ್. ಫಿನ್‌ಲೆಂಡಿನ ಟಿಕ್ಕಾ ಟಿ3ಎಕ್ಸ್ ಲೈಟ್ ಬರಿಯದು 2.9 ಕಿಲೊ, ಸಜ್ಜಾದಾಗ 3.4, ಒದೆತ 24. ವಿಂಚೆಸ್ಟರ್ 70 ಫೆದರ್‌ವೆಯ್ಟ್ 3.1 ಕಿಲೊ, ಸಜ್ಜಾದಾಗ 3.6, ಒದೆತ 23ರ ಆಸುಪಾಸು.

ಐದಾರು ಜೂಲ್ ಅಷ್ಟೇ ತಾನೆ ಎನ್ನಬೇಡಿ. ಒದೆತದ ನೋವಿಗಿಂತ ಒದೆತದ ನಿರೀಕ್ಷೆ ಕೆಟ್ಟದ್ದು. ಹೆಗಲಿಗೆ ಏಟು ಬೀಳುತ್ತದೆಂದು ದೇಹಕ್ಕೆ ಗೊತ್ತಾದ ಮೇಲೆ, ಟ್ರಿಗರ್ ಒತ್ತುವ ಕ್ಷಣದಲ್ಲಿ ಕಣ್ಣು ತಾನಾಗಿ ಮುಚ್ಚುತ್ತದೆ, ಕೈ ತಾನಾಗಿ ಸೆಟೆಯುತ್ತದೆ. ಜೊತೆಗೆ ಹಗುರ ಕೋವಿ ಉಸಿರಿಗೂ ನಾಡಿಬಡಿತಕ್ಕೂ ಅಲುಗಾಡುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಮೂರು ಸಾವಿರ ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ. ಏರು ಹತ್ತಿ ಏದುಸಿರು ಬಿಡುವಾಗಲೇ ಪ್ರಾಣಿ ಎದುರಾದರೆ ಹೆಗಲ ಮೇಲೆ ವರವಾಗಿದ್ದ ಹಗುರ ಕೋವಿ ಕೈಯಲ್ಲಿ ಶಾಪವಾಗುತ್ತದೆ. ಆ ತಪ್ಪಿನ ಬೆಲೆ ತೆರುವುದು ಬೇಟೆಗಾರನಲ್ಲ. ಹೊಟ್ಟೆಗೆ ಗುಂಡು ತಾಗಿ ಕಾಡಿನಲ್ಲಿ ಗಂಟೆಗಟ್ಟಲೆ ನರಳುವ ಮೂಕಪ್ರಾಣಿ. ಬೇಟೆ ಸರಿಯೇ ತಪ್ಪೇ ಎಂಬ ವಾದವನ್ನು ಬದಿಗಿಟ್ಟರೂ, ಇದು ತಪ್ಪೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಾರದು.

ಆದ್ದರಿಂದ ನನ್ನ ಸಲಹೆ ಇದು. ಅತಿ ಹಗುರದ್ದರ ಆಸೆ ಬಿಟ್ಟು, ಸಜ್ಜಾದಾಗ ಮೂರೂವರೆ ಕಿಲೊ ಆಸುಪಾಸಿನದನ್ನು ಆರಿಸಿ, ತೋಟಾ ಬದಲಿಸಿ. ಅದೇ ಟಿಕ್ಕಾದಲ್ಲಿ 7 ಎಂಎಂ-08 ತೋಟಾಕ್ಕೆ ಒದೆತ ಸುಮಾರು 21 ಜೂಲ್, 6.5 ಕ್ರೀಡ್‌ಮೋರಿಗೆ 19. ಕೊಲೊರಾಡೊದ ನಿಯಮದಂತೆ ಎಲ್ಕಿಗೆ ಗುಂಡು ಕನಿಷ್ಠ 85 ಗ್ರೇನ್ ತೂಕವಿರಬೇಕು, 100 ಗಜದಲ್ಲಿ 1,000 ಅಡಿ-ಪೌಂಡು ಶಕ್ತಿ ಉಳಿದಿರಬೇಕು. ಎರಡೂ ತೋಟಾಗಳು ಇದನ್ನು ಸಲೀಸಾಗಿ ದಾಟುತ್ತವೆ. 200 ಗಜದೊಳಗೆ ನಿಲ್ಲುವವರಿಗೆ ಇಷ್ಟು ಸಾಕು. ನಳಿಗೆಯ ತುದಿಗೆ ಬ್ರೇಕ್ ಹಾಕಿಸಿದರೆ ಒದೆತ ತಗ್ಗುತ್ತದೆ ನಿಜ. ಆದರೆ ಆ ಸದ್ದೆಲ್ಲ ಪಕ್ಕದವರ ಕಿವಿಗೆ ಹೋಗುತ್ತದೆ. ಕಳೆದುಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ.

ಟಿಕ್ಕಾ ಅಥವಾ ಫೆದರ್‌ವೆಯ್ಟ್? ಟಿಕ್ಕಾದ ಬೋಲ್ಟ್ ಎಣ್ಣೆ ಸವರಿದಂತೆ ಜಾರುತ್ತದೆ, ಟ್ರಿಗರ್ ಎಳೆತವನ್ನು ಹೊಂದಿಸಿಕೊಳ್ಳಬಹುದು, ಕಟ್ಟು ಪಾಲಿಮರಿನದು. ಫೆದರ್‌ವೆಯ್ಟಿನದು ಮರದ ಕಟ್ಟು. ಅದರ ಸೇಫ್ಟಿಗೆ ಮೂರು ಸ್ಥಾನಗಳಿದ್ದು, ನಡುವಿನದರಲ್ಲಿ ಸೇಫ್ಟಿ ಹಾಕಿಟ್ಟುಕೊಂಡೇ ತೋಟಾ ಹೊರತೆಗೆಯಬಹುದು. ಹೊಸಬರಿಗೆ ಇದು ಸಣ್ಣ ಅನುಕೂಲವಲ್ಲ. ಸೆಕೆಂಡ್‌ಹ್ಯಾಂಡ್ ರೆಮಿಂಗ್ಟನ್ 700 ಕೊಳ್ಳುವವರು ಒಂದು ವಿಷಯ ನೆನಪಿಡಿ: 2006ರ ಮೇ ತಿಂಗಳಿಂದ 2014ರ ಏಪ್ರಿಲ್‌ವರೆಗೆ ತಯಾರಾದ, ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇರುವ ರೈಫಲ್‌ಗಳನ್ನು ಕಂಪನಿಯೇ 2014ರಲ್ಲಿ ದುರಸ್ತಿಗೆಂದು ವಾಪಸು ಕರೆದಿತ್ತು. ಆ ದುರಸ್ತಿ ಆಗಿದೆಯೇ ಎಂದು ವಿಚಾರಿಸದೆ ಹಣ ಕೊಡಬೇಡಿ. ಏನೇ ಕೊಂಡರೂ ಅಕ್ಟೋಬರಿಗೆ ಮೊದಲು ಐದು ಬೇರೆ ಬೇರೆ ದಿನ ಮೈದಾನಕ್ಕೆ ಹೋಗಿ, ಕುಳಿತ ಭಂಗಿಯಲ್ಲಿ 200 ಗಜ ದೂರದ ಕಾಗದದ ತಟ್ಟೆಗೆ ತಣ್ಣಗಿನ ನಳಿಗೆಯಿಂದ ಒಂದೊಂದೇ ಈಡು ಹೊಡೆಯಿರಿ. ಐದೂ ತಟ್ಟೆಯೊಳಗೆ ಬೀಳದಿದ್ದರೆ 100 ಗಜಕ್ಕಿಂತ ದೂರದ ಪ್ರಾಣಿಯನ್ನು ನೋಡಿ ಸಂತೋಷಪಟ್ಟು ಬನ್ನಿ.

ಇನ್ನು ತಂಗಿಯ ಪ್ರಶ್ನೆ. ಕೊಡಗಿನ ಮನೆಗಳಲ್ಲಿ ಕೋವಿ ಬರಿಯ ಆಯುಧವಲ್ಲ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹೊಡೆದು ಊರಿಗೆ ತಿಳಿಸುವ ಪದ್ಧತಿ ಇದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಬೇಟೆಯ ಬಾಗಿಲು 1972ರ ವನ್ಯಜೀವಿ ಕಾಯಿದೆಯಿಂದ ಮುಚ್ಚಿದೆ. ಹೀಗಾಗಿ ನಿಮ್ಮ ಯಜಮಾನರ ಆಸೆಯಲ್ಲಿ ಅಜ್ಜನ ಕಾಲದ ನೆನಪೂ ಬೆರೆತಿರಬಹುದು. ಅದನ್ನು ಚಪಲವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇಲ್ಲಿ ಮಾರಾಟವಾಗುವ ರೈಫಲ್ ಮತ್ತು ತೋಟಾಗಳ ಮೇಲಿನ ಶೇಕಡ 11 ತೆರಿಗೆ 1937ರ ಕಾಯಿದೆಯಂತೆ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆಂಬುದನ್ನೂ ನನ್ನಂಥ ಸೊಪ್ಪು ತಿನ್ನುವವರು ಮರೆಯಬಾರದು.

ಆದರೂ ನಿಮ್ಮ ಅಂಜಿಕೆಯೇ ನ್ಯಾಯವಾದದ್ದು. ಬೀರುವಿನ ಮೇಲೆ, ಸೀರೆಗಳ ಹಿಂದೆ ಬಚ್ಚಿಟ್ಟರೆ ಮಕ್ಕಳಿಗೆ ಸಿಗುವುದಿಲ್ಲ ಎಂಬುದು ಭ್ರಮೆ. ಚಕ್ಕುಲಿ ಡಬ್ಬ ಹುಡುಕಿ ತೆಗೆಯುವ ಮಕ್ಕಳಿಗೆ ಕೋವಿ ಹುಡುಕುವುದು ಕಷ್ಟವೇ? ಮಕ್ಕಳ ಕೈಗೆ ಸಿಗುವಂತಿರುವ ಮನೆಯಲ್ಲಿ ಬಂದೂಕನ್ನು ಬೀಗ ಹಾಕಿಯೇ ಇಡಬೇಕೆಂದು ಕೊಲೊರಾಡೊದಲ್ಲಿ 2021ರಿಂದ ಕಾನೂನೇ ಇದೆ. ಬೋಲ್ಟ್ ರೈಫಲಿನಲ್ಲಿ ಇನ್ನೊಂದು ಗುಣವಿದೆ. ಬೋಲ್ಟನ್ನು ಕೈಯಿಂದಲೇ ಪೂರ್ತಿ ಹೊರಗೆಳೆಯಬಹುದು. ಅದಿಲ್ಲದ ರೈಫಲ್ ಒಲೆ ಊದುವ ಕೊಳವೆಗೆ ಸಮ. ಆದ್ದರಿಂದ ಕೋವಿ ಉಕ್ಕಿನ ಪೆಟ್ಟಿಗೆಯಲ್ಲಿ, ಬೋಲ್ಟ್ ಬೇರೆ ಬೀಗದಲ್ಲಿ, ತೋಟಾ ಮೂರನೆಯ ಬೀಗದಲ್ಲಿ ಇರಲಿ. ಬೋಲ್ಟಿನ ಬೀಗದ ಕೈ ತಂಗಿಯ ಬಳಿ ಇರಲಿ; ಇಬ್ಬರೂ ಒಪ್ಪದೆ ಕೋವಿ ಮನೆಯಿಂದ ಹೊರಡಬಾರದು.

ಕೋವಿಯ ಮುಖವನ್ನೇ ನೋಡದ ಸದಸ್ಯರಿಗೂ ಒಂದು ಮಾತು. ನಮ್ಮ ಮಕ್ಕಳು ಗೆಳೆಯರ ಮನೆಗೆ ಆಡಲು ಹೋಗುತ್ತಾರೆ, ರಾತ್ರಿ ತಂಗುತ್ತಾರೆ. ಕಳಿಸುವ ಮುನ್ನ, ಮಗುವಿಗೆ ಕಡಲೆಕಾಯಿ ಆಗುವುದಿಲ್ಲ ಎಂದು ಹೇಳುವಷ್ಟೇ ಸಹಜವಾಗಿ, ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ, ಬೀಗ ಹಾಕಿದೆಯೇ ಎಂದು ಕೇಳಿ. ಸಂಕೋಚ ಬೇಡ. ಮಕ್ಕಳಿಗೂ ಹೇಳಿಕೊಡಿ: ಕಂಡರೆ ಮುಟ್ಟಬೇಡ, ಅಲ್ಲಿಂದ ಹೊರಗೆ ಬಾ, ದೊಡ್ಡವರಿಗೆ ಹೇಳು.

ಕಾನೂನಿನ ಮಾತೂ ಒಂದಿದೆ. ಗ್ರೀನ್ ಕಾರ್ಡ್ ಇರುವವರು ಕೋವಿ ಕೊಳ್ಳಬಹುದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರಿಗೆ ಒಕ್ಕೂಟದ ಕಾನೂನಿನಂತೆ ಬಂದೂಕು, ತೋಟಾ ಇಟ್ಟುಕೊಳ್ಳುವುದು ನಿಷಿದ್ಧ. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಪಡೆದಿರುವುದು ಒಂದು. ಲೈಸೆನ್ಸಿನ ಅವಧಿ ಮುಗಿದ ಮರುದಿನ ಮನೆಯಲ್ಲಿರುವ ಕೋವಿಯೇ ಅಪರಾಧವಾದೀತು. ಪತ್ರ ಬರೆದವರು ತಮ್ಮ ವೀಸಾ ಯಾವುದೆಂದು ತಿಳಿಸಿಲ್ಲ. ಅಂಗಡಿಗೆ ಹೋಗುವ ಮುನ್ನ ವಕೀಲರನ್ನು ಕೇಳಲಿ.

ಕೊಳ್ಳುವ ಕ್ರಮ ಹೀಗಿರಲಿ. ಮೊದಲು ಬೇಟೆ ಶಿಕ್ಷಣದ ತರಗತಿ; 1949ರ ಜನವರಿ ಒಂದರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಕೊಲೊರಾಡೊದಲ್ಲಿ ಅದು ಕಡ್ಡಾಯವೂ ಹೌದು. ಸಾಧ್ಯವಾದರೆ ದಂಪತಿಗಳಿಬ್ಬರೂ ಹೋಗಲಿ. ಆಮೇಲೆ ಉಕ್ಕಿನ ಪೆಟ್ಟಿಗೆ. ಆಮೇಲೆ ಗೆಳೆಯರ ರೈಫಲಿನಿಂದ ಮೈದಾನದಲ್ಲಿ ಇಪ್ಪತ್ತು ಈಡು. ಇಷ್ಟಾದ ಮೇಲೂ ಆಸೆ ಉಳಿದಿದ್ದರೆ ಕೋವಿ. ಇದರ ನಡುವೆ ಅಕ್ಟೋಬರ್ ದಾಟಿಹೋದರೆ ಚಿಂತೆಯಿಲ್ಲ, ಎಲ್ಕುಗಳು ಬರುವ ವರ್ಷವೂ ಅಲ್ಲೇ ಇರುತ್ತವೆ.

ಮುಂದಿನ ಸಂಚಿಕೆಯಲ್ಲಿ: ಫ್ರಿಜ್ಜಿನಲ್ಲಿಟ್ಟ ಹುಣಸೆಹಣ್ಣು ಏಕೆ ಕಪ್ಪಾಗುತ್ತದೆ? ಪ್ರಶ್ನೆಗಳಿದ್ದರೆ ಸಂಘದ ವಿಳಾಸಕ್ಕೆ ಬರೆಯಿರಿ. ದಂಪತಿಗಳು ಒಂದೇ ಪತ್ರದಲ್ಲಿ ಬರೆದರೆ ಇನ್ನೂ ಒಳ್ಳೆಯದು.