ಹರಿದ ಪುಸ್ತಕಕ್ಕೆ ಲೆಕ್ಕ ಕೇಳಬೇಡಿ

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

ಮಾನ್ಯರೇ,

ಆರು ತಿಂಗಳ ಕೂಸಿನಿಂದ ಮೂರು ವರ್ಷದ ಮಗುವಿನವರೆಗೆ ಅಂಗನವಾಡಿಯಿಂದ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ. ಪುಸ್ತಕ ಮಾತ್ರ ಹೋಗುವುದಿಲ್ಲ. ನಾನು ಕಂಡ ಅಂಗನವಾಡಿಗಳಲ್ಲಿ ಚಿತ್ರಪುಸ್ತಕಗಳಿಗೇನೂ ಬರವಿರಲಿಲ್ಲ. ಬೀರುವಿನೊಳಗೆ ಮಡಿಕೆ ಮುರಿಯದೆ ಕೂತಿದ್ದವು. “ಮನೆಗೆ ಕೊಟ್ರೆ ಹರಿದುಹಾಕ್ತಾರೆ ಸಾರ್, ಆಮೇಲೆ ಸ್ಟಾಕ್ ರಿಜಿಸ್ಟರಿಗೆ ಏನು ಬರೀಲಿ?” ಎನ್ನುತ್ತಾರೆ ಟೀಚರು. ಅವರ ಭಯ ಸುಳ್ಳಲ್ಲ. ಅದನ್ನು ನಿವಾರಿಸುವ ಅಧಿಕಾರ ಇರುವುದು ನಿಮಗೆ.

ಒಂದನೇ ತರಗತಿಗೆ ಪಾಠ ಹೇಳಿದವನು ನಾನು. ಮನೆಯಲ್ಲಿ ಯಾರಾದರೂ ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಓದಿದ ಮಗು ಮೊದಲ ವಾರದಲ್ಲೇ ಗೊತ್ತಾಗಿಬಿಡುತ್ತದೆ. ಪುಟ ಯಾವ ಕಡೆಗೆ ತಿರುವಬೇಕೆಂದು ಅದಕ್ಕೆ ಹೇಳಿಕೊಡಬೇಕಿಲ್ಲ. ಮುಂದೇನಾಯಿತು ಎಂದು ಅದೇ ಕೇಳುತ್ತದೆ. ಮನೆಯ ದಿನದ ಮಾತು ಬಾ, ಉಣ್ಣು, ಮುಟ್ಟಬೇಡ ಎಂಬಲ್ಲಿಗೆ ಮುಗಿಯುತ್ತದೆ. ಸಮುದ್ರ, ಸಿಟ್ಟು, ಮೋಸ, ಮರುಕ ಇವೆಲ್ಲ ಕಥೆಯ ಜೊತೆಗೇ ಬರಬೇಕು. ಒಂದೇ ಪುಸ್ತಕವನ್ನು ದಿನಾ ಓದು ಎಂದು ಪ್ರಾಣ ತಿನ್ನುವ ಮಗುವಿಗೆ ಬೇಸರಪಡಬಾರದು. ಈ ಕಪ್ಪು ಗೆರೆಗಳು ಪ್ರತಿಸಲವೂ ಅದೇ ಮಾತನ್ನೇ ಹೇಳುತ್ತವೆ ಎಂಬುದನ್ನು ಅದು ಕಂಡುಕೊಳ್ಳುವುದು ಹಾಗೆಯೇ.

ತಾಯಿಗೆ ಓದು ಬರುವುದಿಲ್ಲವಲ್ಲ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಅಮೆರಿಕದ ಮನೋವಿಜ್ಞಾನಿ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೋಷಕರಿಗೆ ಕಲಿಸಿದ್ದು ಇಷ್ಟೇ: ಚಿತ್ರ ತೋರಿಸಿ ಪ್ರಶ್ನೆ ಕೇಳುವುದು, ಮಗು ಹೇಳಿದ್ದನ್ನು ಬೆಳೆಸುವುದು. ನಾಲ್ಕು ವಾರದಲ್ಲೇ ಆ ಮಕ್ಕಳ ಮಾತು ಮುಂದೆ ಹೋಗಿತ್ತು. “ಈ ನಾಯಿ ಯಾಕೆ ಅಳ್ತಿದೆ?” ಎಂದು ಕೇಳಲು ಅಕ್ಷರ ಬೇಕಿಲ್ಲ. ತುಳುವಿನಲ್ಲಾದರೂ ಕೇಳಲಿ, ಲಂಬಾಣಿಯಲ್ಲಾದರೂ ಕೇಳಲಿ. ಅಪ್ಪಂದಿರನ್ನೂ ಬಿಡಬೇಡಿ, ಮೊಬೈಲು ಹತ್ತು ನಿಮಿಷ ಕಾದೀತು.

ಪಂಚಾಯಿತಿ ಗ್ರಂಥಾಲಯಗಳ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಆರಂಭವಾದಾಗ ಉಚಿತ ಸದಸ್ಯತ್ವ ಸಿಕ್ಕಿದ್ದು ಆರರಿಂದ ಹದಿನೆಂಟು ವರ್ಷದವರಿಗೆ. ಆರರ ಕೆಳಗಿನವರು ನಿಮ್ಮ ಪಾಲಿನವರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1992ರಲ್ಲಿ ಮುನ್ನೂರು ಕೂಸುಗಳಿಗೆ ಪುಸ್ತಕ ಕೊಟ್ಟು ಶುರುವಾದ ‘ಬುಕ್‌ಸ್ಟಾರ್ಟ್’ ಆಮೇಲೆ ದೇಶಕ್ಕೇ ಹಬ್ಬಿತು. ನಮ್ಮಲ್ಲೂ ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಚುಚ್ಚುಮದ್ದಿಗೆ ತಾಯಂದಿರು ಕೂಸನ್ನು ಕರೆತರುತ್ತಾರೆ. ಅಂದೇ ಒಂದು ಪುಸ್ತಕ ಕೊಟ್ಟು ತಾಯಿ ಕಾರ್ಡಿನಲ್ಲಿ ಗುರುತು ಹಾಕಿದರಾಯಿತು. ಕಥೆಗಳಿಗೂ ಕೊರತೆಯಿಲ್ಲ: ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಚಿತ್ರಕಥೆಗಳಿವೆ, ಮುದ್ರಿಸಿ ಹಂಚಬಹುದು.

ನಾನು ಕೇಳುವುದು ಒಂದು ಸುತ್ತೋಲೆ. ಪುಸ್ತಕ ವಾರಕ್ಕೊಮ್ಮೆ ಮನೆಗೆ ಹೋಗಲಿ. ಹರಿದರೆ, ಕಳೆದರೆ ಟೀಚರಿಂದ ವಸೂಲಿ ಬೇಡ, ವರ್ಷಕ್ಕೊಮ್ಮೆ ದಾಸ್ತಾನಿನಿಂದ ಕೈಬಿಡಲು ಅವಕಾಶವಿರಲಿ. ಮುಂದಿನ ಖರೀದಿಯಲ್ಲಿ ದಪ್ಪ ರಟ್ಟಿನ ಪುಟಗಳನ್ನೇ ಕೇಳಿ, ಚಿಕ್ಕವು ಮೊದಲು ಕಚ್ಚಿಯೇ ನೋಡುವುದು.

ಇತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ