ಟ್ರೇಲರ್ ನೋಡಿದವರೆಲ್ಲ ಟಿಕೆಟ್ ಕೊಳ್ಳುವುದಿಲ್ಲ

2016ರಲ್ಲಿ ಶಾರುಖ್ ಖಾನ್ ಅವರ ‘ಫ್ಯಾನ್’ ಸಿನಿಮಾ ಬಂದಾಗ ಮಹಾರಾಷ್ಟ್ರದ ಔರಂಗಾಬಾದಿನ ಶಿಕ್ಷಕಿಯೊಬ್ಬರು ಮನೆಯವರನ್ನು ಕರೆದುಕೊಂಡು ನೋಡಲು ಹೋದರು. ಪ್ರಚಾರದಲ್ಲಿ ಬರುತ್ತಿದ್ದ ‘ಜಬ್ರಾ ಫ್ಯಾನ್’ ಹಾಡು ಮಕ್ಕಳಿಗೆ ಬಹಳ ಇಷ್ಟವಾಗಿತ್ತು. ಸಿನಿಮಾ ಮುಗಿದರೂ ಹಾಡು ಬರಲೇ ಇಲ್ಲ. ಬೇಜಾರಿನಲ್ಲಿ ಮಕ್ಕಳು ಆ ರಾತ್ರಿ ಊಟ ಬಿಟ್ಟರು, ಅಸಿಡಿಟಿಯಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು ಎಂದು ಅವರು ಗ್ರಾಹಕರ ವೇದಿಕೆಗೆ ದೂರು ಕೊಟ್ಟರು.

ನಮ್ಮ ಬಿಸಿನೆಸ್ ಸ್ಟಡೀಸ್ ಸರ್ ಈ ಪ್ರಕರಣ ಹೇಳಿದಾಗ ಇಡೀ ತರಗತಿ ನಕ್ಕಿತು. ಆದರೆ ಆ ದೂರು ಎಲ್ಲಿಯವರೆಗೆ ಹೋಯಿತು ನೋಡಿ. ಜಿಲ್ಲಾ ವೇದಿಕೆ ತಳ್ಳಿಹಾಕಿತು. ರಾಜ್ಯ ಆಯೋಗ ಶಿಕ್ಷಕಿಯ ಪರವಾಗಿ ನಿಂತು 10,000 ರೂಪಾಯಿ ಪರಿಹಾರ, 5,000 ರೂಪಾಯಿ ಖರ್ಚು ಕೊಡಿ ಎಂದಿತು. ರಾಷ್ಟ್ರೀಯ ಆಯೋಗವೂ ಅದನ್ನೇ ಎತ್ತಿಹಿಡಿಯಿತು. ಹದಿನೈದು ಸಾವಿರ ರೂಪಾಯಿಗಾಗಿ ಯಶ್ ರಾಜ್ ಫಿಲ್ಮ್ಸ್ ಸುಪ್ರೀಂ ಕೋರ್ಟ್ ಹತ್ತಿತು. 2024ರ ಏಪ್ರಿಲ್ 22ರಂದು ಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿತು. ಟ್ರೇಲರ್ ಎಂಬುದು ಟಿಕೆಟ್ ಕೊಳ್ಳಲು ಪ್ರೋತ್ಸಾಹಿಸುವ ಜಾಹೀರಾತು. ಅದರಲ್ಲಿ ತೋರಿಸಿದ್ದೆಲ್ಲ ಸಿನಿಮಾದಲ್ಲಿ ಇದ್ದೇ ಇರುತ್ತದೆ ಎಂಬ ಒಪ್ಪಂದವೇನೂ ಅಲ್ಲ ಎಂಬುದು ಆ ತೀರ್ಪಿನ ಸಾರ.

ವ್ಯಾಪಾರದ ಲೆಕ್ಕದಲ್ಲಿ ಈ ತೀರ್ಪು ಸರಿ ಎಂದೇ ನನಗೂ ಅನಿಸುತ್ತದೆ. ಸಿನಿಮಾ ಸೋಪಲ್ಲ. ಕೊನೆಯ ವಾರದಲ್ಲಿ ಎಡಿಟಿಂಗ್ ಮೇಜಿನ ಮೇಲೆ ಒಂದು ಹಾಡು ಹೋಗಬಹುದು, ಒಂದು ದೃಶ್ಯ ಬರಬಹುದು. ಆದರೆ ಈ ತೀರ್ಪಿನಲ್ಲಿ ಇರುವುದು ಇಬ್ಬರೇ: ಮಾರುವವರು, ಕೊಳ್ಳುವವರು. ನಾನು ಇಲ್ಲಿ ಕೇಳಬೇಕೆಂದಿರುವುದು ಮೂರನೆಯವರ ಬಗ್ಗೆ. ಅಲ್ಲಿಗೆ ಹೋಗುವ ಮೊದಲು ಟ್ರೇಲರ್ ಮತ್ತು ಸಿನಿಮಾ ಪತ್ರಿಕೆಯ ಮುಖಪುಟ ಹೇಗೆ ಕೆಲಸ ಮಾಡುತ್ತವೆ ಎಂದು ಸ್ವಲ್ಪ ನೋಡೋಣ. ಮಾರ್ಕೆಟಿಂಗ್ ಪಾಠ ಓದುವಾಗ ಸೋಪು, ಟೂತ್‌ಪೇಸ್ಟ್ ಉದಾಹರಣೆಗಳೇ ಬರುತ್ತವೆ. ದಿನಕ್ಕೆ ಹತ್ತು ಸಲ ನಮ್ಮ ಕಣ್ಣಿಗೆ ಬೀಳುವುದು ಮಾತ್ರ ಸಿನಿಮಾ.

ಜಾಹೀರಾತಿಗೂ ಪಬ್ಲಿಸಿಟಿಗೂ ಏನು ವ್ಯತ್ಯಾಸ ಎಂಬುದು ಪರೀಕ್ಷೆಗೆ ಬರುವ ಪ್ರಶ್ನೆ. ಜಾಹೀರಾತಿಗೆ ದುಡ್ಡು ಕೊಡಬೇಕು, ಕೊಟ್ಟವರು ಯಾರೆಂದು ಗೊತ್ತಿರುತ್ತದೆ. ಪಬ್ಲಿಸಿಟಿಗೆ ದುಡ್ಡಿಲ್ಲ, ಅದು ಸುದ್ದಿಯ ರೂಪದಲ್ಲಿ ಬರುತ್ತದೆ, ಹಾಗಾಗಿ ಜನ ಹೆಚ್ಚು ನಂಬುತ್ತಾರೆ. ಈ ಎರಡು ಸಾಲನ್ನು ಹಿಡಿದುಕೊಂಡು ಬಸ್ ನಿಲ್ದಾಣದ ಪತ್ರಿಕೆ ಅಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ. ದೊಡ್ಡ ಸಿನಿಮಾ ಬಿಡುಗಡೆಯಾಗುವ ಹೊತ್ತಿಗೆ ಅದೇ ನಟ ಎರಡು ಮೂರು ಪತ್ರಿಕೆಗಳ ಮುಖಪುಟದಲ್ಲಿ ಇರುತ್ತಾರೆ. ಒಂದರಲ್ಲಿ ನಗು, ಇನ್ನೊಂದರಲ್ಲಿ ಗಡ್ಡ, ಮತ್ತೊಂದರಲ್ಲಿ ಹೆಂಡತಿ ಮಕ್ಕಳ ಜೊತೆ. ‘ಜಾಹೀರಾತು’ ಎಂದು ಎಲ್ಲೂ ಬರೆದಿರುವುದಿಲ್ಲ. ನಟನ ಮುಖ ಪತ್ರಿಕೆಯನ್ನು ಮಾರುತ್ತದೆ, ಪತ್ರಿಕೆ ನಟನ ಸಿನಿಮಾವನ್ನು ಮಾರುತ್ತದೆ. ಇದೊಂದು ರೀತಿಯ ವಸ್ತು ವಿನಿಮಯ. ಇದರಲ್ಲಿ ದುಡ್ಡು ಕೊಡುವವರು ಅಂಗಡಿಯ ಮುಂದೆ ನಿಂತಿರುವ ನಾವು ಮಾತ್ರ.

ಇದು ಹೊಸದಲ್ಲ. ‘ಫಿಲ್ಮ್‌ಫೇರ್’ 1952ರ ಮಾರ್ಚ್‌ನಲ್ಲಿ ಶುರುವಾದಾಗ ಮೊದಲ ಮುಖಪುಟದಲ್ಲಿದ್ದವರು ನಟಿ ಕಾಮಿನಿ ಕೌಶಲ್. ಆದರೆ ಮುಖಪುಟವನ್ನು ನಿಜವಾಗಿ ಆಯುಧ ಮಾಡಿಕೊಂಡದ್ದು 1971ರ ಅಕ್ಟೋಬರ್‌ನಲ್ಲಿ ಬಂದ ‘ಸ್ಟಾರ್‌ಡಸ್ಟ್’. ಅದನ್ನು ಶುರುಮಾಡಿದ ನಾರಿ ಹೀರಾ ಜಾಹೀರಾತು ವ್ಯವಹಾರದವರು. ಮೊದಲ ಸಂಚಿಕೆಯ ಮುಖಪುಟದಲ್ಲಿ ರಾಜೇಶ್ ಖನ್ನಾ ಚಿತ್ರ ಹಾಕಿ, ಇವರು ಗುಟ್ಟಾಗಿ ಮದುವೆಯಾಗಿದ್ದಾರೆಯೇ ಎಂದು ಕೇಳಿದ್ದರು. ಗಮನಿಸಿ, ಮದುವೆಯಾಗಿದ್ದಾರೆ ಎಂದು ಹೇಳಲಿಲ್ಲ, ಕೇಳಿದರು ಅಷ್ಟೇ. ಪ್ರಶ್ನೆಗೆ ಸುಳ್ಳು ಎನ್ನಲು ಬರುವುದಿಲ್ಲ. ಉತ್ತರ ಬೇಕಾದವರು ದುಡ್ಡು ಕೊಟ್ಟು ಪತ್ರಿಕೆ ಕೊಳ್ಳಬೇಕು, ಬೇಡದವರು ಪ್ರಶ್ನೆಯನ್ನು ಮಾತ್ರ ತಲೆಯಲ್ಲಿ ಇಟ್ಟುಕೊಂಡು ಮನೆಗೆ ಹೋಗಬೇಕು. ಮುಖಪುಟದ ಈ ಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಮನೆಯಲ್ಲಿ ಸಿನಿಮಾ ಪತ್ರಿಕೆ ಎಂದರೆ ‘ಶಮಾ’. ದೆಹಲಿಯಿಂದ 1939ರಿಂದ ಬರುತ್ತಿದ್ದ ಉರ್ದು ಮಾಸಿಕ, 1999ರಲ್ಲಿ ನಿಂತುಹೋಯಿತು. ನಾನು ನೋಡಿದ್ದು ನಾನಾ ಟ್ರಂಕಿನಲ್ಲಿ ಉಳಿದಿದ್ದ ಏಳೆಂಟು ಸಂಚಿಕೆ ಮಾತ್ರ. ಮುಖಪುಟದಲ್ಲಿ ನಟಿಯರು, ಒಳಗೆ ಕೃಷ್ಣ ಚಂದರ್, ಇಸ್ಮತ್ ಚುಗ್ತಾಯಿ ಅವರಂಥವರು ಬರೆಯುತ್ತಿದ್ದ ಪತ್ರಿಕೆ ಅದು. ಜೊತೆಗೆ ಬಹುಮಾನದ ಪದಬಂಧ, ನಾನಾ ಭಾಷೆಯಲ್ಲಿ ‘ಮುಅಮ್ಮಾ’. ಅದನ್ನು ತುಂಬಿ ಕಳಿಸುವುದಕ್ಕೇ ಎಷ್ಟೋ ಜನ ಪತ್ರಿಕೆ ಕೊಳ್ಳುತ್ತಿದ್ದರಂತೆ. ಸೇಲ್ಸ್ ಪ್ರಮೋಷನ್ ಅಂದರೆ ಇದೇ ತಾನೆ! ತಮಾಷೆ ಎಂದರೆ ನಾನಾ ಪ್ರತಿ ಸಂಚಿಕೆಗೂ ಶಾಲೆಯ ಪುಸ್ತಕಕ್ಕೆ ಹಾಕುವ ಹಾಗೆ ಕಂದು ಕಾಗದದ ಬೈಂಡ್ ಹಾಕಿದ್ದಾರೆ. ನಟಿಯ ಮುಖ ಪರನಾನಾಗೆ ಕಾಣಬಾರದೆಂದು. “ಕಥೆ ಓದೋಕೆ ತರ್ತಿದ್ದೆ” ಎಂದು ಈಗಲೂ ಹೇಳುತ್ತಾರೆ. ಅಮ್ಮಿ ಒಪ್ಪುವುದಿಲ್ಲ. ಕಥೆಗಾಗಿಯೇ ತಂದಿದ್ದರೂ ಅಂಗಡಿಯಲ್ಲಿ ಕೈಬೀಸಿ ಕರೆದದ್ದು ಮುಖಪುಟವೇ. ಮನೆಗೆ ಬಂದ ಮೇಲೆ ಅದರ ಕೆಲಸ ಮುಗಿದಿತ್ತು, ಮುಚ್ಚಿದರೂ ನಷ್ಟವಿರಲಿಲ್ಲ.

ಈಗ ಆ ಕೆಲಸವನ್ನು ಟ್ರೇಲರ್ ಮಾಡುತ್ತಿದೆ. ಹಿಂದೆ ಇಂಥ ತುಣುಕುಗಳನ್ನು ಚಿತ್ರ ಮುಗಿದ ಮೇಲೆ, ಬಾಲದ ಹಾಗೆ, ತೋರಿಸುತ್ತಿದ್ದರಂತೆ. ಅದಕ್ಕೇ ‘ಟ್ರೇಲರ್’ ಎಂಬ ಹೆಸರು. ಈಗ ಬಾಲವೇ ಮೊದಲು ಬರುತ್ತದೆ. ಅದೂ ತಿಂಗಳುಗಟ್ಟಲೆ ಮೊದಲು. ‘ಕೆಜಿಎಫ್ ಚಾಪ್ಟರ್ 2’ರ ಟೀಸರ್ ಬಂದದ್ದು 2021ರ ಜನವರಿಯಲ್ಲಿ, ಸಿನಿಮಾ ಬಂದದ್ದು 2022ರ ಏಪ್ರಿಲ್ 14ಕ್ಕೆ. ಹದಿನೈದು ತಿಂಗಳು ಮಾರುಕಟ್ಟೆಯಲ್ಲಿ ಸರಕು ಇರಲಿಲ್ಲ, ಜಾಹೀರಾತು ಇತ್ತು. ಆ ಟೀಸರ್ ಕೆಲವೇ ದಿನಗಳಲ್ಲಿ 10 ಕೋಟಿ ಸಲ ನೋಡಲ್ಪಟ್ಟಿತು. ಕಾದು ಕೆಂಪಾದ ಬಂದೂಕಿನ ನಳಿಕೆಯಿಂದ ನಾಯಕ ಸಿಗರೇಟು ಹಚ್ಚುವ ದೃಶ್ಯ ನಿಮಗೂ ನೆನಪಿರಬಹುದು. ಅದಕ್ಕಾಗಿ ರಾಜ್ಯದ ಆರೋಗ್ಯ ಇಲಾಖೆಯಿಂದ ನಟ ಯಶ್ ಅವರಿಗೆ ನೋಟಿಸ್ ಹೋಗಿತ್ತು. ಚಿತ್ರಮಂದಿರದಲ್ಲಿ ತೋರಿಸುವ ಟ್ರೇಲರ್‌ಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಯೂಟ್ಯೂಬ್‌ಗೆ ಹಾಕುವ ಟ್ರೇಲರ್ ಸಾಮಾನ್ಯವಾಗಿ ಆ ಬಾಗಿಲಿಗೆ ಹೋಗುವುದೇ ಇಲ್ಲ. ನಾವೆಲ್ಲ ಟ್ರೇಲರ್ ನೋಡುವುದು ಎಲ್ಲಿ? ಫೋನಿನಲ್ಲಿ.

ಎಲ್ಲ ಟ್ರೇಲರ್ ಮೋಸ ಎಂದು ನಾನು ಹೇಳುತ್ತಿಲ್ಲ. ‘ಕಾಂತಾರ’ 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಬಂತು. ಇಲ್ಲಿ ನೋಡಿದವರ ಬಾಯಿಮಾತು ಎಷ್ಟು ಹರಡಿತೆಂದರೆ ಎರಡು ವಾರದಲ್ಲಿ ಹಿಂದಿಗೆ ಡಬ್ ಆಗಿ ಬಿಡುಗಡೆಯಾಯಿತು. ಸರಕು ಚೆನ್ನಾಗಿದ್ದರೆ ಗ್ರಾಹಕನೇ ಸೇಲ್ಸ್‌ಮ್ಯಾನ್ ಆಗುತ್ತಾನೆ. ಅದು ಬೇರೆ ಮಾತು.

ಈಗ ಆ ಮೂರನೆಯವರ ವಿಷಯ. ಟ್ರೇಲರ್ ನೋಡಿದವರಲ್ಲಿ ಟಿಕೆಟ್ ಕೊಳ್ಳುವವರು ಸ್ವಲ್ಪ ಜನ. ಉಳಿದವರಿಗೆ ಆ ಎರಡೂವರೆ ನಿಮಿಷವೇ ಇಡೀ ಸಿನಿಮಾ. ಅದರಲ್ಲಿ ಒಂದು ಊರಿನ, ಒಂದು ಜಾತಿಯ, ಒಂದು ಧರ್ಮದ ಜನರನ್ನು ತೋರಿಸಿದ್ದರೆ, ತೋರಿಸಲ್ಪಟ್ಟವರು ಮಾರುವವರೂ ಅಲ್ಲ, ಕೊಳ್ಳುವವರೂ ಅಲ್ಲ. ಅವರಿಗೆ ಗ್ರಾಹಕ ಕಾಯ್ದೆ ಅನ್ವಯಿಸುವುದಿಲ್ಲ, ಏಕೆಂದರೆ ಅದು ಕಾಪಾಡುವುದು ಗ್ರಾಹಕರನ್ನು.

‘ದಿ ಕೇರಳ ಸ್ಟೋರಿ’ಯ ಟೀಸರ್ 2022ರ ನವೆಂಬರ್‌ನಲ್ಲಿ ಬಂದಾಗ ಅದರಲ್ಲಿ 32,000 ಹುಡುಗಿಯರು ಎಂಬ ಸಂಖ್ಯೆ ಇತ್ತು. 2023ರ ಮೇನಲ್ಲಿ ಬಿಡುಗಡೆ ಹತ್ತಿರ ಬಂದಾಗ ಟ್ರೇಲರ್ ಕೆಳಗಿನ ವಿವರಣೆಯಲ್ಲಿ ಅದು ಮೂವರು ಹುಡುಗಿಯರ ಕಥೆ ಎಂದು ಬದಲಾಯಿತು. ಕೇರಳ ಹೈಕೋರ್ಟ್‌ನಲ್ಲಿ ನಿರ್ಮಾಪಕರು ಆ ಟೀಸರ್ ತೆಗೆಯುವುದಾಗಿ ಹೇಳಿದರು. ಮೇ 18ರಂದು ಸುಪ್ರೀಂ ಕೋರ್ಟ್‌ನಲ್ಲಿ, 32,000 ಎಂಬುದಕ್ಕೆ ಅಧಿಕೃತ ದಾಖಲೆ ಇಲ್ಲ ಎಂಬ ಸೂಚನೆಯನ್ನು ಸಿನಿಮಾದಲ್ಲಿ ಹಾಕಲು ಒಪ್ಪಿದರು. ಅಕೌಂಟೆನ್ಸಿ ಓದುವವರು ಯೋಚಿಸಿ. 32,000 ಎಂದು ಬರೆದ ಎಂಟ್ರಿಯನ್ನು 3 ಎಂದು ತಿದ್ದಿದರೆ ಆಡಿಟರ್ ಸುಮ್ಮನಿರುತ್ತಾರೆಯೇ? ಆದರೆ ಇಲ್ಲಿ ಮೊದಲ ಸಂಖ್ಯೆಯನ್ನು ನೋಡಿದವರಿಗೆ ತಿದ್ದುಪಡಿಯನ್ನು ಯಾರೂ ಕಳಿಸಲಿಲ್ಲ. ಸೂಚನೆ ಹೋದದ್ದು ಸಿನಿಮಾದ ಒಳಗೆ. ಅದನ್ನು ಓದಬೇಕಾದರೆ ಟಿಕೆಟ್ ಕೊಳ್ಳಬೇಕು.

ಎರಡನೆಯದು ‘ಹಮಾರೆ ಬಾರಹ್’. 2024ರ ಜೂನ್ 7ಕ್ಕೆ ಬಿಡುಗಡೆಯಾಗಬೇಕಿತ್ತು. ಮುಸ್ಲಿಂ ಕುಟುಂಬ, ಬಹಳ ಮಕ್ಕಳು ಎಂಬುದು ಹೆಸರಿನಲ್ಲೇ ಇದೆ. ನಾನು ಆಗ ತಾನೇ ಮೊದಲ ಪಿಯುಗೆ ಸೇರಿದ್ದೆ. ಟ್ಯೂಷನ್‌ನಲ್ಲಿ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ಸಂಜೆ, “ನಿಮ್ಮನೇಲಿ ಎಷ್ಟು ಜನ ಮಕ್ಕಳೇ?” ಎಂದು ಕೇಳಿದಳು. ನಾನು, ತಮ್ಮ, ಇಬ್ಬರೇ ಎಂದೆ. “ಹೌದಾ? ಮತ್ತೆ ಆ ಟ್ರೇಲರ್‌ನಲ್ಲಿ...” ಎಂದು ಅರ್ಧಕ್ಕೆ ನಿಲ್ಲಿಸಿದಳು. ಅವಳು ಕೆಟ್ಟವಳಲ್ಲ, ಇವತ್ತಿಗೂ ಜರ್ನಲ್ ಎಂಟ್ರಿ ತಪ್ಪಾದರೆ ಅವಳ ಪುಸ್ತಕವನ್ನೇ ಕೇಳುತ್ತೇನೆ. ಅವಳ ಮನೆಯಲ್ಲಿ ಮೂವರು ಮಕ್ಕಳು. ಅದನ್ನು ಯಾರೂ ಟ್ರೇಲರ್ ನೋಡಿ ಕೇಳುವುದಿಲ್ಲ.

ಆ ಸಿನಿಮಾವನ್ನು ಅವಳೂ ನೋಡಿಲ್ಲ, ನಾನೂ ನೋಡಿಲ್ಲ. ನಮ್ಮ ಸರ್ಕಾರ ಬಿಡುಗಡೆಯನ್ನು ಎರಡು ವಾರ ತಡೆಯಿತು. ಆದೇಶದಲ್ಲಿ ಟ್ರೇಲರ್‌ನ ಹೆಸರೂ ಇತ್ತು, ಆದರೆ ಅಷ್ಟರಲ್ಲಿ ಅದು ಫೋನಿಂದ ಫೋನಿಗೆ ಓಡಾಡಿಯಾಗಿತ್ತು. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಗಿ ಬಾಂಬೆ ಹೈಕೋರ್ಟ್‌ಗೆ ವಾಪಸ್ ಬಂತು. ಹೈಕೋರ್ಟ್‌ನ ನ್ಯಾಯಮೂರ್ತಿಗಳು ಕೂತು ಸಿನಿಮಾ ನೋಡಿದರು. ಕೆಲವು ಭಾಗ ಬದಲಿಸಲು ಹೇಳಿ, ಉಳಿದಂತೆ ಇದು ಮುಸ್ಲಿಮರ ವಿರುದ್ಧದ ಚಿತ್ರವಲ್ಲ, ಹೆಣ್ಣುಮಕ್ಕಳ ಏಳಿಗೆಯ ವಿಷಯ ಹೇಳುತ್ತದೆ ಎಂದು ಬಿಡುಗಡೆಗೆ ಅನುಮತಿ ಕೊಟ್ಟರು. ಆದರೆ ಮೊದಲ ಟ್ರೇಲರ್ ಆಕ್ಷೇಪಾರ್ಹವಾಗಿತ್ತು ಎಂದರು. ಪ್ರಮಾಣಪತ್ರಕ್ಕೆ ಮೊದಲೇ ಅದನ್ನು ಬಿಟ್ಟದ್ದಕ್ಕಾಗಿ ನಿರ್ಮಾಪಕರು 5 ಲಕ್ಷ ರೂಪಾಯಿಯನ್ನು ದಾನಕ್ಕೆ ಕೊಡಬೇಕಾಯಿತು.

ಇದನ್ನು ಓದಿದಾಗ ನನಗೆ ಸಿಟ್ಟಿಗಿಂತ ಆಶ್ಚರ್ಯವಾಯಿತು. ಹಾಗಾದರೆ ಟ್ರೇಲರ್ ಕತ್ತರಿಸಿದವರು ತಮ್ಮದೇ ಸಿನಿಮಾಗೆ ಸುಳ್ಳು ಹೇಳಿದರು! ಒಳಗೆ ಹೆಣ್ಣುಮಕ್ಕಳ ಕಷ್ಟ ಇಟ್ಟುಕೊಂಡು ಹೊರಗೆ ಜಗಳ ತೋರಿಸಿದರು, ಏಕೆಂದರೆ ಜಗಳ ಬೇಗ ಮಾರಾಟವಾಗುತ್ತದೆ. ‘ಸ್ಟಾರ್‌ಡಸ್ಟ್’ ಮುಖಪುಟದ ಪ್ರಶ್ನೆಯ ಕಥೆಯೇ ಇದೂ. ಅಲ್ಲಿ ಸಿಕ್ಕಿಕೊಂಡವರು ಒಬ್ಬ ಸೂಪರ್‌ಸ್ಟಾರ್, ತಮ್ಮ ಮಾತು ಹೇಳಲು ಅವರಿಗೆ ಹತ್ತು ಪತ್ರಿಕೆ ಇದ್ದವು. ಟ್ಯೂಷನ್ ಬೆಂಚಿನ ಮೇಲೆ ಉತ್ತರ ಕೊಡಬೇಕಾದವಳು ನಾನು.

ನಿಷೇಧ ಬೇಕೆಂದು ನಾನು ಕೇಳುವುದಿಲ್ಲ. ನಿಷೇಧವೂ ಪುಕ್ಕಟೆ ಪಬ್ಲಿಸಿಟಿಯೇ, ಹೆಸರು ಕೇಳದವರೂ ಹುಡುಕಿ ನೋಡುತ್ತಾರೆ. ನಾನು ಕೇಳುವುದು ಎರಡು. ಚಿತ್ರಮಂದಿರದ ಟ್ರೇಲರ್‌ಗೆ ಇರುವ ಪ್ರಮಾಣಪತ್ರದ ನಿಯಮ ಫೋನಿನ ಟ್ರೇಲರ್‌ಗೂ ಇರಲಿ. ಇನ್ನೊಂದು, ಟ್ರೇಲರ್‌ನಲ್ಲಿ ಹೇಳಿದ ಸಂಖ್ಯೆಯನ್ನೋ ಮಾತನ್ನೋ ವಾಪಸ್ ತೆಗೆದುಕೊಂಡರೆ, ಆ ತಿದ್ದುಪಡಿಯನ್ನು ಅದೇ ಚಾನೆಲ್‌ನಲ್ಲಿ, ಅಷ್ಟೇ ಉದ್ದದ ವಿಡಿಯೊ ಮಾಡಿ ಹಾಕಲಿ. ವಿವರಣೆಯ ಮೂರನೇ ಸಾಲಿನಲ್ಲಿ ಅಲ್ಲ.

ಇದನ್ನು ತೋರಿಸಿದಾಗ ಸರ್ ಒಂದು ಆಕ್ಷೇಪ ಎತ್ತಿದರು. ಸಣ್ಣ ಬಜೆಟ್ಟಿನ ಕನ್ನಡ ಸಿನಿಮಾ ಮಾಡುವವರಿಗೆ ಟ್ರೇಲರ್ ಒಂದೇ ಆಸರೆ, ಮಂಡಳಿಯ ಸಹಿಗೆ ವಾರಗಟ್ಟಲೆ ಕಾಯಿಸಿದರೆ ಅವರ ಬಿಡುಗಡೆಯೇ ತಪ್ಪುತ್ತದೆ, ದೊಡ್ಡವರು ಮಾತ್ರ ಉಳಿಯುತ್ತಾರೆ ಎಂದು. ಮಾತು ನಿಜ. ಆದರೆ ಚಿತ್ರಮಂದಿರಕ್ಕಾಗಿ ಆ ಟ್ರೇಲರ್ ಹೇಗೂ ಮಂಡಳಿಗೆ ಹೋಗಲೇಬೇಕು. ಅದೇ ಫೈಲನ್ನು, ಅದೇ ಪ್ರಮಾಣಪತ್ರದ ಜೊತೆ, ಯೂಟ್ಯೂಬ್‌ಗೆ ಹಾಕಲಿ. ಸಣ್ಣ ಚಿತ್ರಗಳ ಟ್ರೇಲರ್‌ಗೆ ಮಂಡಳಿ ಇಷ್ಟು ದಿನದೊಳಗೆ ಉತ್ತರ ಕೊಡಬೇಕೆಂದು ಗಡುವು ಇರಲಿ. ಸರ್ “ಹ್ಞೂಂ, ಬರಿ” ಎಂದರು. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಮುಂದಿನ ಸಂಚಿಕೆಗೆ ಅವರೇ ಉತ್ತರ ಬರೆಯುತ್ತಾರಂತೆ.